ಗೂಬೆ ಕೂರಿಸುವುದು

ಫೆಲಿಕ್ಸ್‌ಸ್ಟೋ ಬಂದರು, ಒಂಬತ್ತನೇ ಶೆಡ್ಡು.
ಮೇಜಿನ ಮೇಲೆ ಗೂಬೆ.
ಅಂಗೈಯಗಲದ್ದು, ಪ್ಲಾಸ್ಟಿಕ್ಕಿನದು. ಹೊಟ್ಟೆ ಒತ್ತಿದರೆ
ಕಣ್ಣು ಹಳದಿ ಹೊತ್ತಿ "ಗುಡ್ ನೈಟ್" ಅನ್ನುತ್ತದೆ.
ಕತ್ತಲಿಗೆ ಹೆದರುವ ಮಕ್ಕಳಿಗಂತೆ.

ನಮ್ಮ ಕಡೆ ಮನೆಹೊಕ್ಕ ಗೂಬೆಗೆ
ಶಾಂತಿ ಮಾಡಿಸುತ್ತಾರೆ.
ಇಲ್ಲಿ ನನ್ನ ಕೈಗೆ ಎಕ್ಸ್‌ರೇ ಬಂದೂಕು ಕೊಟ್ಟಿದ್ದಾರೆ;
ಗುರಿ ಹಿಡಿದು ಮೂವತ್ತು ಎಣಿಸಬೇಕು, ಅಷ್ಟೆ.

ರೆಕ್ಕೆ: ಸರಿ. ಕೊಕ್ಕಿನ ಬಣ್ಣ: ಸರಿ.
ಹೊಟ್ಟೆ ಬಿಚ್ಚಿದೆ. ಹಸಿರು ಹಲಗೆ, ಅದರ ಮೇಲೆ
ಸಾಸಿವೆಗಿಂತ ಸಣ್ಣ ಬೆಸುಗೆಯ ಹನಿ
ಮುದ್ದಾಗಿ ಹೊಳೆಯುತ್ತಿತ್ತು.
ಸೀಸದ ಮಿತಿ ಸಾವಿರಕ್ಕೆ ಒಂದು ಪಾಲು.
ತೆರೆಯ ಮೇಲೆ ಮುನ್ನೂರ ಅರವತ್ತೆಂಟು.

ಸಾವಿರಕ್ಕೊಬ್ಬ ಎಂದು ಮೆಚ್ಚುವ ನನ್ನ ಭಾಷೆಯಲ್ಲಿ
ಸಾವಿರಕ್ಕೊಂದು ವಿಷದ ಅಳತೆಯೂ ಹೌದೆಂದು
ಈ ಕೆಲಸಕ್ಕೆ ಬಂದ ಮೇಲೆ ತಿಳಿಯಿತು.
ಸೀಸಕ್ಕೆ ಮಾತಿದೆ: ಕಿವಿಗೆ ಕಾದ ಸೀಸ ಹೊಯ್ದಂತೆ.
ಪಾದರಸವೆಂದರೆ ಚುರುಕು ಹುಡುಗಿ.
ಕ್ಯಾಡ್ಮಿಯಮ್ಮಿಗೆ ಇನ್ನೂ ಗಾದೆ ಹುಟ್ಟಿಲ್ಲ.

ಆಮದುದಾರ ಕ್ಲೈವ್ ಗ್ಯಾರಡ್ ಇಪ್ಸ್‌ವಿಚ್ಚಿನಿಂದ ಬಂದ,
ಪ್ರಮಾಣಪತ್ರ ತಂದ. ಮೊಹರು ಅಚ್ಚುಕಟ್ಟು.
"ನಾನೇನು ಬೆಸುಗೆ ಹಾಕಿದೆನೇ? ಕಾರ್ಖಾನೆಯವರನ್ನು ಕೇಳಿ."
ಕಾರ್ಖಾನೆ ಬರೆಯಿತು: ತಂತಿ ಕೊಟ್ಟವರನ್ನು ಕೇಳಿ.
ತಂತಿಯವರ ಫೋನು ಎತ್ತುವವರಿಲ್ಲ.
ಇದ್ದದ್ದೊಂದು ಗೂಬೆ, ಎಷ್ಟು ತಲೆ ಹತ್ತಿಳಿಯಿತು!
ಕಡೆಗೆ ಕಾಯಿದೆ ಗ್ಯಾರಡ್ಡನ ಮೇಲೇ ಕೂರಿಸಿತು:
ದೇಶದೊಳಗೆ ತಂದವನು ನೀನು.
ಅವನು ಟೋಪಿ ತೆಗೆದು ಬೋಳುತಲೆ ಸವರಿಕೊಂಡ,
ನಿಜವಾಗಿಯೂ ಏನೋ ಕೂತಿದೆಯೆಂಬಂತೆ.

ನಾಲ್ಕು ಸಾವಿರದ ಇನ್ನೂರು ಗೂಬೆ.
ಪುಡಿಮಾಡುವ ಯಂತ್ರಕ್ಕೆ ಹಾಕುವ ಮುನ್ನ
ಬ್ಯಾಟರಿ ಕೈಯಲ್ಲೇ ಕೀಳಬೇಕು, ಇಲ್ಲವಾದರೆ ಬೆಂಕಿ.
ಡೆಲಿತ್ ಮತ್ತು ನಾನು, ಎರಡು ಸ್ಟೂಲು, ಒಂದು ಫ್ಲಾಸ್ಕು ಚಹಾ.
ಹಿಡಿದರೆ ಹೊಟ್ಟೆ ಅಮುಕುತ್ತದೆ, ಅಮುಕಿದರೆ
ಗುಡ್ ನೈಟ್.
ಮೊದಲ ನೂರಕ್ಕೆ ನಕ್ಕೆವು.
ಮುನ್ನೂರರ ಹೊತ್ತಿಗೆ ಡೆಲಿತ್
ಒಂದೊಂದಕ್ಕೂ ಮೆಲ್ಲಗೆ ತಿರುಗಿ ಹೇಳತೊಡಗಿದಳು
ಗುಡ್ ನೈಟ್, ಗುಡ್ ನೈಟ್,
ಮನೆಯಲ್ಲಿ ಮಗನಿಗೆ ಹೇಳುವ ದನಿಯಲ್ಲೇ.
ನಾನು ಹೇಳಲಿಲ್ಲ. ಎಣಿಸುತ್ತಿದ್ದೆ.

ಹೊರಗೆ ಕ್ರೇನುಗಳು ಇಳಿಸುತ್ತಲೇ ಇದ್ದವು
ನೀಲಿ ಪೆಟ್ಟಿಗೆ, ಕೆಂಪು ಪೆಟ್ಟಿಗೆ, ತುಕ್ಕಿನ ಪೆಟ್ಟಿಗೆ.
ನಾವಿಬ್ಬರು ತೆರೆದು ನೋಡುವುದು
ಲೆಕ್ಕ ಹಾಕಿದರೆ
ಸಾವಿರಕ್ಕೆ ಒಂದೂ ಅಲ್ಲ.

ಎರಡು ಸಲ ಸೋಪು ಹಾಕಿ ಕೈ ತೊಳೆದೆ.
ಬಸ್ಸಿನಲ್ಲಿ ಬೆರಳು ಮೂಸಿದೆ: ಸೀಸಕ್ಕೆ ವಾಸನೆಯಿಲ್ಲ.