ಅಲರ್ಜಿ: ಮೌನ

ಗ್ರಿಮ್ಸ್‌ಬಿಯ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ನಲವತ್ತೊಂದು ಸಾವಿರ ಕಡತ.
ಎಲ್ಲಕ್ಕೂ ಹೊಗೆಗಿಟ್ಟ ಮೀನಿನ ವಾಸನೆ,
ಮೇಲೆ ಮಲಗಿ ಎದ್ದುಹೋದವರ ಅಂಗಿಯದ್ದಿರಬೇಕು.
ಮಾರ್ಚ್ ಮುಗಿಯುವುದರೊಳಗೆ ಒಂದೂ ಉಳಿಯಕೂಡದು
ಎಂದಿತ್ತು ಲಂಡನ್ನಿನ ಸುತ್ತೋಲೆ.

ಮಾವಿಸ್ ಡ್ರೂರಿಗೆ ಮೂವತ್ತು ವರ್ಷದ ಸರ್ವಿಸು,
ನನಗೆ ಮೂರು ತಿಂಗಳ ಗುತ್ತಿಗೆ.
ಅವಳು ಪಿನ್ನು ಕೀಳುತ್ತಿದ್ದಳು,
ನಾನು ಸ್ಕ್ಯಾನರಿಗೆ ಉಣಿಸುತ್ತಿದ್ದೆ
ಹಟದ ಕೂಸಿಗೆ ತುತ್ತಿಟ್ಟ ಹಾಗೆ, ಒಂದೊಂದೇ ಹಾಳೆ.

ಸುಳ್ಳು ಯಾಕೆ, ಇದಕ್ಕೆ ಸರ್ಕಾರವೇ ಬೇಕಿತ್ತು.
ಹೇಳುವವರು ಕೇಳುವವರಿಲ್ಲದೆ ಇಪ್ಪತ್ತು ವರ್ಷ
ಲಿಂಕನ್ನಿನ ಕಂಪ್ಯೂಟರೂ ಲೀಡ್ಸಿನ ಕಂಪ್ಯೂಟರೂ
ದಾಯಾದಿಗಳ ಹಾಗೆ ಮಾತು ಬಿಟ್ಟು ಕೂತಿದ್ದವು.
ನಡುವೆ ಒಂದು ಫ್ಯಾಕ್ಸು,
ಅದರಲ್ಲಿ ಯಾವಾಗಲೂ ಕಾಗದ ಮುಗಿದಿರುತ್ತಿತ್ತು.
ಒಮ್ಮೆ ಒಬ್ಬಳ ಎಕ್ಸ್‌ರೇ ಟ್ಯಾಕ್ಸಿಯಲ್ಲಿ ಹೋಯಿತು,
ಅವಳು ಬಸ್ಸಿನಲ್ಲಿ.
ಇನ್ನು ಕಂಪನಿಗಳೋ,
ದೇವರು ವರ ಕೊಟ್ಟರೂ ಕೊಡದ ಪೂಜಾರಿಗಳು;
ಬಾಗಿಲಿಗೊಂದು ಬೀಗ, ಬೀಗಕ್ಕೊಂದು ಬಿಲ್ಲು.
ಕೊನೆಗೆ ಸರ್ಕಾರ ಒಮ್ಮೆ ಕೆಮ್ಮಿತು:
ದುಡ್ಡು ಬೇಕೋ? ಹಾಗಾದರೆ ಒಂದೇ ಭಾಷೆ ಆಡಿ.
ಆಡಿದವು.

ಭಾಷೆ ಮಾತ್ರ ಗುಬ್ಬಿಯಷ್ಟು.
ಹುಟ್ಟಿದ ದಿನ, ನುಂಗುವ ಗುಳಿಗೆ, ಅಲರ್ಜಿ,
ಇಷ್ಟೇ ಊರು ದಾಟುವುದು.
ಉಳಿದ ಬದುಕೆಲ್ಲ ‘ಇತರೆ’ ಎಂಬ ಪೆಟ್ಟಿಗೆಗೆ.
ಅದು ಗ್ರಿಮ್ಸ್‌ಬಿ ಬಿಟ್ಟು ಕದಲುವುದಿಲ್ಲ.

ಫೆಬ್ರವರಿಯ ಒಂದು ಮಂಗಳವಾರ, ಬಾಯ್ಲರ್ ಕೆಟ್ಟ ದಿನ,
ವಿಲ್ಫ್ ಕ್ಯಾಮಕ್‌ನ ಕಡತ ಕೈಗೆ ಬಂತು.
ಮೀನುಹಡಗಿನವನು.
ಎರಡು ಬೆರಳು ಹಿಮಕ್ಕೆ ಕೊಟ್ಟವನು, ತಮ್ಮನನ್ನು ಕಡಲಿಗೆ.
ಎಪ್ಪತ್ನಾಲ್ಕನೇ ಇಸವಿಯ ಹಾಳೆಯಂಚಿನಲ್ಲಿ
ಯಾರೋ ಡಾಕ್ಟರು ಹಸಿರು ಶಾಯಿಯಲ್ಲಿ ಗೀಚಿದ್ದರು
(ಹಣೆಬರಹವನ್ನಾದರೂ ಓದಿಯೇನು, ಆ ಕೈಬರಹವನ್ನಲ್ಲ.
ಮಾವಿಸ್ ಓದಿದಳು):
ಕತ್ತಲಲ್ಲಿ ಒಬ್ಬನನ್ನೇ ಸುಮ್ಮನೆ ಬಿಡಬೇಡಿ,
ಸೂಜಿ ಕಿತ್ತು ಎದ್ದು ನಡೆಯುತ್ತಾನೆ.
ಪಾರಿವಾಳದ ಮಾತು ತೆಗೆಯಿರಿ. ಮಲಗುತ್ತಾನೆ.

ಇದು ಯಾವ ಪೆಟ್ಟಿಗೆಗೆ, ಕೇಳಿದೆ.
ಮಾವಿಸ್ ಅಂಗೈಗೆ ಉಸಿರೂದಿಕೊಂಡು ಟೈಪು ಮಾಡಿದಳು.
ಅಲರ್ಜಿ: ಪೆನಿಸಿಲಿನ್, ಮೌನ.
ಉಪಶಮನ: ಪಾರಿವಾಳ.
ಮಾವಿಸ್, ಆಡಿಟ್‌ನವರು...
ಏಪ್ರಿಲ್‌ಗೆ ನನ್ನ ರಿಟೈರ್‌ಮೆಂಟು, ಅಂದಳು.
ಮುಂದಿನ ಪಿನ್ನು ಕಿತ್ತಳು.

ಮೇ ತಿಂಗಳು, ದೇಶದ ಇನ್ನೊಂದು ತುದಿ, ಟ್ರೂರೋ.
ಮಗಳ ಮನೆಯ ಮೆಟ್ಟಿಲ ಮೇಲೆ ವಿಲ್ಫ್ ಕುಸಿದ.
ರಾತ್ರಿ ಮೂರಕ್ಕೆ ಲೊವೆನಾ ಎಂಬ ನರ್ಸು
ಸಿರಿಂಜು ಎತ್ತಿಕೊಂಡವಳು ಪರದೆ ನೋಡಿ ಕೆಳಗಿಟ್ಟಳು.
ಬೇರೆ ಮದ್ದು ತಂದಳು.
ಅಲ್ಲಿಗೆ ಜೀವ ಉಳಿಯಿತು; ಅದರ ಪುಣ್ಯ ಸುತ್ತೋಲೆಗೇ ಸಲ್ಲಲಿ.

ಎರಡನೆಯ ಪದ ನೋಡಿ ನಕ್ಕಳಂತೆ,
ಯಾರೋ ತಮಾಷೆ ಮಾಡಿದ್ದಾರೆಂದು.
ಅಷ್ಟರಲ್ಲಿ ಮುದುಕನ ಮೂರು ಬೆರಳು
ತೋಳಿನ ಸೂಜಿ ಹುಡುಕುತ್ತಿದ್ದವು.
ನಿಮ್ಮ ಹತ್ತಿರ ಪಾರಿವಾಳ ಎಷ್ಟಿವೆ?
ಬೆರಳು ನಿಂತವು.
ಈಗ ಒಂದೂ ಇಲ್ಲ, ಅಂದ.
ತುಸು ಹೊತ್ತು ಬಿಟ್ಟು,
ಎಂಬತ್ತೊಂದರಲ್ಲಿ ಫ್ರಾನ್ಸಿನಿಂದ ಹಾರಿಬಿಟ್ಟದ್ದು
ಒಂದು ಬರುವುದಿದೆ.

ಇದನ್ನು ಬರೆದವರು ಯಾರು ಎಂದು
ಅವಳೇ ಫೋನು ಮಾಡಿ ಕೇಳಿದ್ದರಿಂದ ಇಷ್ಟು ಗೊತ್ತು.

ಜುಲೈಯಲ್ಲಿ ಲಂಡನ್ನಿನಿಂದ ಪತ್ರ.
ಮಾವಿಸ್ ಇಲ್ಲ. ಅವಳ ಕುರ್ಚಿ, ಅವಳ ಮಗ್ಗು ನನ್ನವು.
‘ಅಲರ್ಜಿ ಅಂಕಣದಲ್ಲಿ ಅಮಾನ್ಯ ನಮೂದು ಕಂಡುಬಂದಿದೆ.
ಸದರಿ ಪದಕ್ಕೆ ಸಂಕೇತ ಸಂಖ್ಯೆ ಇರುವುದಿಲ್ಲ.
ಮೌನವನ್ನು ಕೂಡಲೇ ಅಳಿಸತಕ್ಕದ್ದು.’

ನಾನೂ ಒಂದು ನಮೂನೆ ತುಂಬಿ ಕಳಿಸಿದೆ:
ಸದರಿ ಪದಕ್ಕೆ ಒಂದು ಸಂಖ್ಯೆ ಕೊಡಬೇಕಾಗಿ ವಿನಂತಿ.

ನೆಲಮಾಳಿಗೆ ಈಗ ಖಾಲಿ. ಮೀನಿನ ವಾಸನೆ ಹೋಗಿಲ್ಲ.
ಉತ್ತರ ಬಂದಿಲ್ಲ.
ಅಳಿಸುವ ಗುಂಡಿಯ ಮೇಲೆ ಮಾವಿಸ್‌ಳ ಮಗ್ಗು ಇಟ್ಟಿದ್ದೇನೆ,
ಸ್ವಲ್ಪ ಪಕ್ಕಕ್ಕೆ.