ಕೊನೆಯ ಹಾಳೆ

ಗೂಲ್ ಊರಿನ ಲೈಬ್ರರಿಯಿಂದ ಬೊಝೆನಾ ತಂದಿಟ್ಟಳು
ಬೆನ್ನು ಮುರಿದ ಒಂದು ಮಕ್ಕಳ ಕಾದಂಬರಿ.
"ಹೊಲಿದುಕೊಡು, ಅವಸರವಿಲ್ಲ."
ಅವಸರವಿಲ್ಲ ಅಂದರೆ ದುಡ್ಡಿಲ್ಲ ಅಂತ
ಮೂವತ್ತು ವರ್ಷದ ಈ ಕಸುಬು ಕಲಿಸಿದೆ ನನಗೆ.

ಹಳೆಯ ಕಥೆ. ನನ್ನಜ್ಜಿಯೂ ಓದಿದ್ದಳು.
ಮೂರು ಮಕ್ಕಳು, ಒಂದು ತಾಮ್ರದ ಕೆಟಲ್.
ರಾತ್ರಿ ಅದು ದೋಣಿಯಷ್ಟು ಉಬ್ಬಿ
ಅಡುಗೆಮನೆ ಬಾಗಿಲಿಂದ ಜಾರಿ ಹೊಳೆಗಿಳಿಯುತ್ತದೆ.
ಮೂತಿಯೇ ಚುಕ್ಕಾಣಿ, ಮುಚ್ಚಳವೇ ಸೂರು.
ಎಲ್ಲಿಗಾದರೂ ಹೋಗಿ, ಏನಾದರೂ ತಿನ್ನಿ,
ಯಾವ ರಾಕ್ಷಸನ ಜೊತೆಗಾದರೂ ಪಂದ್ಯ ಕಟ್ಟಿ;
ಕಟ್ಟಳೆ ಒಂದೇ:
ಕೆಟಲ್ ಕೂಗಿತೋ, ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು
ಓಡಿ ಬರಬೇಕು.

ಕೂಗಿತೋ.
ನನ್ನ ಸೂಜಿ ಅಲ್ಲೇ ನಿಂತಿತು.

ಆ ಕೂಗು ನನಗೆ ಗೊತ್ತು.
ನನಗಾಗ ಏಳು ವರ್ಷ. ಶನಿವಾರ ಸಂಜೆ ಆರಕ್ಕೆ
ಊರಿನ ಬೀದಿಗಳೆಲ್ಲ ಖಾಲಿ.
ಟೀವಿಯಲ್ಲಿ ರಟ್ಟಿನ ಆಕಾಶನೌಕೆ,
ಬಾಗಿಲು ಬಡಿದರೆ ಗೋಡೆಯೇ ನಡುಗುವಂಥದ್ದು,
ಬೆಳ್ಳಿ ಬಣ್ಣ ಬಳಿದ ರಬ್ಬರ್ ಬೂಟು ತೊಟ್ಟ ಐವರು,
ವಾರಕ್ಕೊಂದು ಗ್ರಹ. ಎಲ್ಲ ಗ್ರಹದಲ್ಲೂ ಅದೇ ಕೆಸರು,
ನಮ್ಮ ಹೊಳೆದಂಡೆಯದೇ ಅಂತ ಅಪ್ಪನ ಗುಮಾನಿ.
ಅಪಾಯ ಕುತ್ತಿಗೆಗೆ ಬಂದಾಗ ನೌಕೆ ಕರೆಯುತ್ತಿತ್ತು:
ಮೊದಲು ಗಂಟಲಲ್ಲೇ ಗುನುಗು,
ಆಮೇಲೆ ನಡುಕ,
ಆಮೇಲೆ ಸೀಳಿಕೊಂಡು ಮೇಲೇರುವ ಸಿಳ್ಳೆ.
ಮುಂದಿನ ಹಲ್ಲು ಬಿದ್ದಿದ್ದರಿಂದ
ಶಾಲೆಯಲ್ಲಿ ಅದನ್ನು ನನ್ನಷ್ಟು ಚೆಂದ
ಯಾರೂ ಊದುತ್ತಿರಲಿಲ್ಲ.

ಆ ಸದ್ದು ಮಾಡಿದವಳು ನಮ್ಮೂರಿನವಳೇ,
ಥೆಲ್ಮಾ ಪಿಕರ್ಸ್‌ಗಿಲ್. ಸ್ಟುಡಿಯೋ ಕೆಲಸ ಮುಗಿಸಿ
ಎರಡು ಬೀದಿ ಆಚೆ ಬಂದು ನೆಲೆಸಿದ್ದಳು.
ಅಂಟು ಕೊಳ್ಳಲು ಅಂಗಡಿಗೆ ಬಂದಾಗ ಕೇಳಿದ್ದೆ,
"ಯಾವ ಯಂತ್ರದಿಂದ?"
"ಹೇಳಿದರೆ ನಗುತ್ತೀಯ" ಎಂದಳು.
ಚಿಲ್ಲರೆ ಎಣಿಸಿಕೊಂಡು ಹೊರಟಳು.
ಕಳೆದ ಚಳಿಗಾಲ ಹೋಗಿಬಿಟ್ಟಳು.

ಈಗ ಪುಸ್ತಕದ ಹಿಂಬದಿಯ ಜೇಬಿನಲ್ಲಿ ಕಾರ್ಡು.
ಟಿ. ಪಿಕರ್ಸ್‌ಗಿಲ್. ಟಿ. ಪಿಕರ್ಸ್‌ಗಿಲ್.
ಹನ್ನೊಂದು ಸಲ, ನಡುವೆ ಬೇರೆ ಹೆಸರಿಲ್ಲ,
ಅಕ್ಷರ ಮಾತ್ರ ಸಲಸಲಕ್ಕೂ ಸ್ವಲ್ಪ ದೊಡ್ಡವಾಗಿ.
ಕೊನೆಯದು ನಲವತ್ತೊಂದರ ಫೆಬ್ರವರಿ.
ಪಕ್ಕದಲ್ಲಿ ಕೆಂಪು ಶಾಯಿ:
"ಕೊನೆಯ ಹಾಳೆ ಹರಿದಿದೆ. ದಂಡ ನಾಲ್ಕು ಪೆನ್ನಿ."

ಬಂದರಿನ ಹತ್ತಿರ ಯುದ್ಧದ ಕಲ್ಲಿದೆ.
ದಿನಾ ಅದರ ಮುಂದೆಯೇ ಹಾಯುತ್ತೇನೆ, ಓದುವುದಿಲ್ಲ.
ಅಂದು ಓದಿದೆ.
ಪಿಕರ್ಸ್‌ಗಿಲ್, ಎಚ್. ಕಲ್ಲಿದ್ದಲ ಹಡಗು.
ಕುಲುಮೆಯ ಆಳು.
ಅಂದರೆ, ಬೆಂಕಿಗೆ ಸಲಿಕೆಯಲ್ಲಿ ಉಣಿಸಿ
ನೀರು ಕುದಿಸುತ್ತಿದ್ದವನು.
ಅದೇ ಫೆಬ್ರವರಿ.

ಆ ಹಾಳೆಯಲ್ಲೇನಿತ್ತೆಂದು ಅಜ್ಜಿ ಹೇಳಿದ್ದಳು:
ಕೆಟಲ್ ಕೂಗಿತು, ಮೂವರೂ ಬಂದರು,
ಚಹಾ ಇನ್ನೂ ಬಿಸಿಯಾಗೇ ಇತ್ತು.

ಧಾರಾವಾಹಿಯ ಕೊನೆಯ ಕಂತು ಹಾಗಿರಲಿಲ್ಲ.
ಎಂಜಿನ್ ಕೋಣೆಯ ಹುಡುಗ ಹಿಮದಲ್ಲಿ ಉಳಿದುಬಿಟ್ಟ.
ನೌಕೆ ಕೂಗಿತು. ಹೆಸರುಗಳು ಸರಿದುಹೋದವು.
ಪರದೆ ಕಪ್ಪಾಯಿತು.
ಕೂಗು ಮಾತ್ರ ನಿಲ್ಲಲಿಲ್ಲ.
ಕೆಟ್ಟಿತೆಂದು ಅಪ್ಪ ಟೀವಿಯ ತಲೆಗೆ ಎರಡೇಟು ಬಿಟ್ಟ.
ನಾನು ಎಣಿಸಿದೆ, ನಲವತ್ತರವರೆಗೆ,
ಅದರಾಚೆಗೆ ಎಣಿಕೆ ತಪ್ಪಿತು.
ಯಾರೋ ಸ್ವಿಚ್ಚು ಮರೆತಿರಬೇಕು ಅಂದರು ಎಲ್ಲರೂ.

ಮರೆತಿರಲಿಲ್ಲ.
ಉರಿ ಆರಿಸಲು ಅವಳಿಗೆ ಮನಸ್ಸಾಗಿರಲಿಲ್ಲ, ಅಷ್ಟೆ.

ಬೊಝೆನಾ ಬೇರೆ ಊರಿನ ಪ್ರತಿಯಿಂದ
ಆ ಪುಟದ ನಕಲು ತರಿಸಿದ್ದಾಳೆ.
"ಖಾಲಿ ಬಿಟ್ಟರೆ ಹೇಗೆ?" ಅಂದೆ.
"ಓದುವ ಮಕ್ಕಳಿಗೆ ಮೋಸ ಅದು" ಅಂದಳು.
ನಿಜವೇ.
ಹಳದಿ ಕಾಗದ ಹೊಂದಿಸಿ, ಅಂಚು ಕತ್ತರಿಸಿ,
ಮೂವರನ್ನೂ ಮನೆಗೆ ಕರೆತಂದೆ.

ಉಳಿದ ಹಾಳೆಗೆಲ್ಲ ದಾರ ಎರಡು ಸುತ್ತು.
ಇದೊಂದಕ್ಕೆ ಬರೀ ಅಂಟು, ಅದೂ
ಕೂದಲೆಳೆಯಷ್ಟು ಅಗಲ —
ಒಂಬತ್ತು ವರ್ಷದ ಕೈ ಎಳೆದರೆ
ಸದ್ದಿಲ್ಲದೆ ಬಂದುಬಿಡುವ ಹಾಗೆ.