ತಂದೆಯ ಹೆಸರಿನ ಜಾಗದಲ್ಲಿ

ತೋರಾ ಓದಲು ಕರೆಯುವ ಮುನ್ನ
ಕಿವಿಯ ಹತ್ತಿರ ಬಾಗಿ ಕೇಳುತ್ತಾರೆ:
ಹೆಸರು? ಯಾರ ಮಗಳು?

ಶಿಫ್ರಾ, ಅನ್ನುತ್ತೇನೆ.
ಅಬ್ರಹಾಮ ಮತ್ತು ಸಾರಾಳ ಮಗಳು.

ಎಲ್ ಪಾಸೋ ಊರಿನ ಈ ಸಣ್ಣ ಸಿನಗಾಗ್‌ನಲ್ಲಿ
ಹಾಗೆ ಹೇಳಿದವರು ಹೊರಗಿನಿಂದ ಬಂದವರೆಂದು
ಕೂತವರಿಗೆಲ್ಲ ಗೊತ್ತು.
ಮಿಕ್ಕವರಿಗೆ ಅವರವರ ಅಪ್ಪಂದಿರಿದ್ದಾರೆ.
ನನಗೂ ಇದ್ದಾನೆ:
ಎಲೆಉತೇರಿಯೋ ಬಾರಾಗಾನ್,
ಅಲಮೇಡಾ ರಸ್ತೆಯಲ್ಲಿ ಪಂಕ್ಚರ್ ಹಾಕುವವನು.
ಶನಿವಾರ ಈ ಹೊತ್ತಿಗೆ, ಮೂರು ಮೈಲಿ ಆಚೆ,
ಟ್ಯೂಬನ್ನು ನೀರಲ್ಲಿ ಅದ್ದಿ
ಗುಳ್ಳೆ ಎಲ್ಲಿಂದ ಏಳುತ್ತದೆಂದು ನೋಡುತ್ತಿರುತ್ತಾನೆ.

ನನ್ನನ್ನೂ ಅದ್ದಿದರು, ಮೂರು ಸಲ.
ಉಗುರಿನ ಬಣ್ಣ ತೆಗೆಸಿ, ಓಲೆ ಬಿಚ್ಚಿಸಿ.
ಒಂದು ಕೂದಲೂ ಮೇಲೆ ತೇಲಬಾರದೆಂದು
ಹೆಂಗಸೊಬ್ಬಳು ಮೆಟ್ಟಿಲ ಮೇಲೆ ನಿಂತು ಕಾದಳು.
ಕೋಷರ್, ಅಂದಳು. ಮತ್ತೆ, ಕೋಷರ್.
ನೀರೊಳಗೆ ಕಣ್ಣು ಬಿಟ್ಟು
ನನ್ನದೇ ಗುಳ್ಳೆಗಳನ್ನು ನೋಡಿದೆ.
ಎಲ್ಲಿಂದ ಸೋರುತ್ತಿದ್ದೇನೆಂದು
ಗೊತ್ತಾಗಲಿಲ್ಲ.

ಹುಟ್ಟಿದಾಗ ಇಟ್ಟ ಹೆಸರು ಮರಿಕ್ರೂಸ್.
ಮರಿಯಾ ಅರ್ಧ, ಶಿಲುಬೆ ಅರ್ಧ,
ನಡುವೆ ಹೊಲಿಗೆ ಕಾಣದ ಹಾಗೆ.
ಲೈಸೆನ್ಸಿನಲ್ಲಿ ಇನ್ನೂ ಅದೇ ಇದೆ.
ಬದಲಾಯಿಸಲು ದುಡ್ಡಾಗುತ್ತದೆ ಅನ್ನುತ್ತೇನೆ.
ಅದು ನೆಪ.

ಪಾಠದ ಮೊದಲ ದಿನ ರಬ್ಬಿ ಬೆರಗಾದರು:
ಗಂಟಲಿನ ಈ ಅಕ್ಷರ ನಿನಗೆ ಇಷ್ಟು ಸಲೀಸೆ?
ಪಕ್ಕದ ಮರ್ನಾ ಮೂರು ವಾರದಿಂದ ಕೆಮ್ಮುತ್ತಲೇ ಇದ್ದಾಳೆ.
ನಾನು ಹೇಳಲಿಲ್ಲ,
ಅದು ಅಜ್ಜಿಯ ಬಚ್ಚಲಿನ ಸದ್ದು.
ಖಬೋನ್ ಎಂದರೆ ಸೋಪು, ಖಾರ್ರೋ ಎಂದರೆ ಚೊಂಬು.
ತಲೆ ಬಗ್ಗಿಸು ಹುಡುಗಿ,
ಕಣ್ಣು ಮುಚ್ಚು.

ಪ್ರಾರ್ಥನೆ ಮುಗಿದು ಕಾಫಿಯ ಹೊತ್ತಿಗೆ
ಒಳ್ಳೆಯವರು, ಪ್ರೀತಿಯಿಂದಲೇ ಕೇಳುತ್ತಾರೆ:
ನಿಮ್ಮ ಅಜ್ಜಿ ಶುಕ್ರವಾರ ಸಂಜೆ ಬೀರುವಿನೊಳಗೆ
ಗುಟ್ಟಾಗಿ ದೀಪ ಹಚ್ಚುತ್ತಿದ್ದಳೆ?
ಹಂದಿ ಮುಟ್ಟುತ್ತಿರಲಿಲ್ಲವೆ?
ಐನೂರು ವರ್ಷದ ಹಿಂದೆ ಸ್ಪೇನಿನಿಂದ ಓಡಿಬಂದವರ
ರಕ್ತವಿರಬೇಕು ನಿನ್ನಲ್ಲಿ, ಪರೀಕ್ಷೆ ಮಾಡಿಸು.

ಅಜ್ಜಿ ಎದುವೀಖೆಸ್ ದೀಪ ಹಚ್ಚುತ್ತಿದ್ದದ್ದು ನಿಜ,
ಸಂತ ಯೂದನಿಗೆ, ಎಲ್ಲರ ಕಣ್ಣೆದುರಿಗೆ.
ಹಂದಿಯ ಕೊಬ್ಬಿಲ್ಲದೆ ಅವಳ ಒಲೆ ಉರಿದದ್ದೇ ಇಲ್ಲ.
ಬೀರುವಿನಲ್ಲಿ ಇದ್ದದ್ದು
ಕತ್ತರಿ, ನೂಲು, ಒಂದು ಬಾಟಲಿ ಸ್ಪಿರಿಟ್ಟು:
ಚಿವಾವಾದ ಹದಿನಾಲ್ಕು ಹಳ್ಳಿಗೆ ಅವಳು ಸೂಲಗಿತ್ತಿ.

ಬೇರು ಹುಡುಕಿ ಕೊಡುವವರೇ, ಕ್ಷಮಿಸಿ.
ನಾನು ವಾಪಸು ಬಂದವಳಲ್ಲ.
ಬಂದವಳು.
ಒಂದು ಶುಕ್ರವಾರ, ಕೆಲಸ ಮುಗಿಸಿ, ಬಸ್ಸು ತಪ್ಪಿ,
ತೆರೆದಿದ್ದ ಬಾಗಿಲೊಳಕ್ಕೆ.

ಈ ವರ್ಷ ಪಸ್ಕವೂ ಅಮ್ಮನ ಪವಿತ್ರ ವಾರವೂ
ಒಟ್ಟಿಗೇ ಬಿದ್ದವು.
ಗುಡ್ ಫ್ರೈಡೆಗೆ ಅವಳು ಕಾಪಿರೊತಾದಾ ಮಾಡುತ್ತಾಳೆ,
ಹಳೆ ಬ್ರೆಡ್ಡು, ಬೆಲ್ಲದ ಪಾಕ, ಚೆಕ್ಕೆ, ಚೀಸು.
ಬ್ರೆಡ್ಡು ದೇಹವಂತೆ, ಪಾಕ ರಕ್ತವಂತೆ,
ಲವಂಗ ಮೊಳೆ.
ನನಗೋ ಎಂಟು ದಿನ ಬ್ರೆಡ್ಡು ನಿಷಿದ್ಧ.
ಏನೂ ಹೇಳದೆ ಹೋಗಿ ಕೂತೆ.
ಏನೂ ಹೇಳದೆ ತಟ್ಟೆ ಇಟ್ಟಳು.
ಅದೇ ಪಾಕ, ಅದೇ ಒಣದ್ರಾಕ್ಷಿ, ಅದೇ ಘಮ.
ಚಮಚ ಒತ್ತಿದರೆ ಕಟಕ್ಕೆಂದಿತು:
ಕೆಳಗೆ ಹುಳಿಯಿಲ್ಲದ ರೊಟ್ಟಿ.
ಚೆನ್ನಾಗಿ ನೆನೆಯುವುದಿಲ್ಲ ನಿಮ್ಮ ದೇವರ ರೊಟ್ಟಿ, ಅಂದಳು.
ಲವಂಗ ಹಾಕಿರಲಿಲ್ಲ.
ಕೇಳಿದರೆ, ಮುಗಿದಿತ್ತು ಅಂದಳು.
ಡಬ್ಬಿಯ ತುಂಬ ಇತ್ತು.

ಶಿಫ್ರಾ ಯಾಕೆ ಎಂದು ಮೂವರು ಕೂತು ಕೇಳಿದ್ದರು ಅಂದು.
ಅರಸನ ಮಾತು ಮೀರಿ ಕೂಸುಗಳನ್ನು ಉಳಿಸಿದ ಸೂಲಗಿತ್ತಿ ಅವಳು.
ಇಬ್ರಿಯಳೋ, ಈಜಿಪ್ಟಿನವಳೋ,
ಪುಸ್ತಕ ಬಿಡಿಸಿ ಹೇಳುವುದಿಲ್ಲ.
ಪಂಡಿತರು ಇನ್ನೂ ಜಗಳವಾಡುತ್ತಿದ್ದಾರೆ.
ಕೂಸು ಹೊರಗೆ ಬಂದು ಎಷ್ಟು ಕಾಲವಾಯಿತು.

ಕರೆಯುತ್ತಾರೆ. ಏಳುತ್ತೇನೆ.
ಅಬ್ರಹಾಮನ ಮಗಳೆಂದು ಅವರು ಜೋರಾಗಿ ಅನ್ನುವಾಗ
ಉಸಿರಲ್ಲೇ ಸೇರಿಸುತ್ತೇನೆ: ಎಲೆಉತೇರಿಯೋ.

ಮೂರು ಮೈಲಿ ಆಚೆ, ಬೋಗುಣಿಯಲ್ಲಿ,
ಒಂದು ಗುಳ್ಳೆ ಏಳುತ್ತದೆ.
ಅವನು ಅಲ್ಲೇ ಬೆರಳಿಡುತ್ತಾನೆ.